ಬೊಳ್ಳಿಯ ಬಟ್ಟಲಿಗೆ ಏನು ಹಾಕಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಬೆಕ್ಕು ಬೊಳ್ಳಿಗೆ 13 ವರ್ಷ. ಮೇ ತಿಂಗಳಿಂದ ನೀರು ಕುಡಿಯುವುದು ಜಾಸ್ತಿಯಾಗಿ ಮೈ ಇಳಿದುಹೋಗಿದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 3.2, ಫಾಸ್ಫರಸ್ 6.1 ಬಂತು. ಕಿಡ್ನಿ ತೊಂದರೆ, ಫಾಸ್ಫರಸ್ ಕಡಿಮೆ ಇರುವ ಆಹಾರ ಕೊಡಿ ಎಂದರು. ಆದರೆ ಲ್ಯಾಬಿನ ಚೀಟಿಯಲ್ಲಿ 7.5ರವರೆಗೆ ನಾರ್ಮಲ್ ಎಂದೇ ಅಚ್ಚಾಗಿದೆ. ಅಂಗಡಿಯಲ್ಲಿ ಒಣ ಆಹಾರದ ಚೀಲದ ಮೇಲೆ ಫಾಸ್ಫರಸ್ 0.9%, ಡಬ್ಬಿಯ ಮೇಲೆ 0.25% ಅಂತ ಇತ್ತು. ಕಡಿಮೆ ಇದೆಯಲ್ಲ ಎಂದು ಡಬ್ಬಿಯನ್ನೇ ತಂದೆ. ಅವಳು ಮೀನು ತಿಂದೇ ಬೆಳೆದವಳು. ಈಗ ಬೋಟು ಇಲ್ಲದ ಸಮಯ, ಒಣಮೀನು ನೆನೆಸಿ ಕೊಡುತ್ತಿದ್ದೇನೆ. ಮೀನು ಪೂರ್ತಿ ನಿಲ್ಲಿಸಬೇಕಾ? ಅವಳಿಗೆ ಇನ್ನೆಷ್ಟು ದಿನ?
— ಹೆಸರು ಬೇಡ ಎಂದ ಓದುಗರು, ಮಲ್ಪೆ

ಉತ್ತರ: ಅಕ್ಕಾ, ಮೊದಲು ಆ ಒಣಮೀನಿನ ಡಬ್ಬವನ್ನು ಅಟ್ಟಕ್ಕೇರಿಸಿ. ನೀರು ಆರಿದ ಮೀನಿನಲ್ಲಿ ರಂಜಕವೂ, ಅಂದರೆ ನೀವು ಬರೆದ ಫಾಸ್ಫರಸ್ಸೂ, ಒತ್ತಾಗಿರುತ್ತದೆ, ಉಪ್ಪು ಬೇರೆ. ನೆನೆಸಿದರೆ ಉಪ್ಪು ಒಂದಿಷ್ಟು ಬಿಟ್ಟೀತು, ಮುಳ್ಳು ಮುಳ್ಳಾಗಿಯೇ ಉಳಿಯುತ್ತದೆ. ಉಳಿದದ್ದನ್ನು ನಿಧಾನಕ್ಕೆ ನೋಡೋಣ.

ಡಬ್ಬಿಯ ಲೆಕ್ಕದಲ್ಲಿ ನೀವೊಬ್ಬರೇ ಎಡವಿದ್ದಲ್ಲ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅಲ್ಲೇ ಎಡವುತ್ತಾರೆ. ಒಂದು ಕುಡ್ತೆ ಕುಚ್ಚಲಕ್ಕಿಗೆ ಎಷ್ಟು ನೀರು ಹೊಯ್ದು ಗಂಜಿ ಮಾಡಿದರೂ ಪಾತ್ರೆಯೊಳಗಿರುವುದು ಅದೇ ಒಂದು ಕುಡ್ತೆ ಅಕ್ಕಿ. ನೀರನ್ನೂ ಸೇರಿಸಿ ತೂಗಿದರೆ ಅಕ್ಕಿ ಕಡಿಮೆ ಇದ್ದಂತೆ ಕಾಣುತ್ತದೆ, ಅಷ್ಟೇ. ನಿಮ್ಮ ಡಬ್ಬಿಯ ಹಿಂದೆ ತೇವಾಂಶ ಎಷ್ಟೆಂದು ಬರೆದಿರುತ್ತದೆ. 82% ಎಂದಿದ್ದರೆ 100 ಗ್ರಾಂನಲ್ಲಿ ನಿಜವಾದ ಆಹಾರ 18 ಗ್ರಾಂ. ರಂಜಕದ 0.25ನ್ನು 18ರಿಂದ ಭಾಗಿಸಿ 100ರಿಂದ ಗುಣಿಸಿ, ಹತ್ತಿರಹತ್ತಿರ 1.4% ಬಂತು. ಒಣ ಚೀಲದಲ್ಲಿ ತೇವಾಂಶ 10% ಇದ್ದರೆ 0.9ನ್ನು 90ರಿಂದ ಭಾಗಿಸಬೇಕು, ಸರಿಯಾಗಿ 1%. ಅಂದರೆ ಕಡಿಮೆ ಎಂದು ನೀವು ತಂದದ್ದರಲ್ಲೇ ಹೆಚ್ಚು ಇದೆ. ಎರಡೂ ಬೊಳ್ಳಿಗೆ ಆಗುವುದಿಲ್ಲ. ಕಿಡ್ನಿಗೆಂದೇ ಮಾಡಿದ ಆಹಾರದಲ್ಲಿ ಇದೇ ಲೆಕ್ಕಕ್ಕೆ ಸಾಮಾನ್ಯವಾಗಿ 0.3ರಿಂದ 0.6% ಇರುತ್ತದೆ.

ಅಂಕಿಯ ಪಕ್ಕದಲ್ಲಿ ‘ಕನಿಷ್ಠ’ ಎಂಬ ಪದ ಇದೆಯೇ ನೋಡಿ. ಇದ್ದರೆ ಅಷ್ಟಕ್ಕಿಂತ ಕಡಿಮೆ ಇಲ್ಲ ಎಂದಷ್ಟೇ ಅರ್ಥ, ಎಷ್ಟು ಹೆಚ್ಚಿದೆ ಎಂಬುದು ತಿಳಿಯುವುದಿಲ್ಲ. ಸಾಮಗ್ರಿಗಳ ಪಟ್ಟಿಯಲ್ಲಿ ಸೋಡಿಯಂ ಫಾಸ್ಫೇಟ್, ಫಾಸ್ಫರಿಕ್ ಆ್ಯಸಿಡ್ ಕಂಡರೆ ಅಲ್ಲಿಯೇ ಇಟ್ಟುಬನ್ನಿ. ಮಾಂಸದೊಳಗಿನ ರಂಜಕಕ್ಕಿಂತ ಹೀಗೆ ಬೆರೆಸಿದ ಲವಣಗಳ ರಂಜಕ ಬೇಗನೆ ರಕ್ತಕ್ಕೆ ಇಳಿಯುತ್ತದೆ.

ಇನ್ನು ಲ್ಯಾಬಿನ 7.5. ಅದು ಆರೋಗ್ಯವಂತ ಬೆಕ್ಕಿನ ಮಿತಿ. ಕಿಡ್ನಿ ಸೋತ ಬೆಕ್ಕಿಗೆ ಬೇರೆ ಗುರಿ ಇದೆ. ನಾವು ಪಶುವೈದ್ಯರು ‘ಐರಿಸ್’ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟದ ಹಂತಗಳನ್ನು ಅನುಸರಿಸುತ್ತೇವೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ 2.9ರಿಂದ 5.0ರ ನಡುವೆ ಇದ್ದರೆ ಮೂರನೇ ಹಂತ, ಅಲ್ಲಿ ರಂಜಕವನ್ನು 5.0ಕ್ಕಿಂತ ಕೆಳಗೆ ಇಡಬೇಕು. ಎರಡನೇ ಹಂತಕ್ಕೆ 4.6, ನಾಲ್ಕನೆಯದಕ್ಕೆ 6.0. ಹಾಗಾಗಿ ಬೊಳ್ಳಿಯ 6.1 ಹೆಚ್ಚೇ. ಕಿಡ್ನಿ ಹೊರಹಾಕಲಾರದ ರಂಜಕ ರಕ್ತದಲ್ಲಿ ನಿಂತಾಗ ಪ್ಯಾರಾಥೈರಾಯ್ಡ್ ಗ್ರಂಥಿ ಎಚ್ಚೆತ್ತು ಎಲುಬಿನಿಂದ ಕ್ಯಾಲ್ಸಿಯಂ ಎಳೆಯತೊಡಗುತ್ತದೆ. ಆ ಕ್ಯಾಲ್ಸಿಯಂ ರಂಜಕದ ಜೊತೆ ಸೇರಿ ಮೆತ್ತಗಿನ ಅಂಗಗಳಲ್ಲಿ ಕೂರುತ್ತದೆ, ಉಳಿದಿರುವ ಕಿಡ್ನಿಯಲ್ಲಿಯೂ. ಬೆಕ್ಕಿಗೆ ಇದ್ಯಾವುದೂ ನೋವಾಗಿ ಕಾಣದು, ಮಂಕಾಗುತ್ತಾ ಹೋಗುತ್ತದೆ. ಅದಕ್ಕೇ ನಾನು ಈ ಒಂದು ಅಂಕಿಗಾಗಿ ಇಷ್ಟು ಹಟ ಹಿಡಿಯುವುದು.

ಮೀನು ನಿಲ್ಲಿಸಬೇಕೇ? ಪೂರ್ತಿ ಬೇಡ. ನೀವು ಮೆಟ್ಟುಕತ್ತಿಯ ಮುಂದೆ ಕುಳಿತರೆ ಬೊಳ್ಳಿ ಎದುರಿಗೆ ಬಂದು ಕೂರುತ್ತಾಳಲ್ಲ, ಅವಳಿಗೆ ಸಿಗುವುದು ತಲೆ, ಬಾಲ, ನಡುಮುಳ್ಳು. ತೊಂದರೆ ಅಲ್ಲಿದೆ. ಮುಳ್ಳೆಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಗಟ್ಟಿಯಾದದ್ದು. ಬೂತಾಯಿ ಜಾತಿಯ ಮೀನನ್ನು ಮುಳ್ಳುಸಹಿತ ಡಬ್ಬಿಗೆ ಹಾಕಿದಾಗ 100 ಗ್ರಾಂನಲ್ಲಿ ಸುಮಾರು 490 ಮಿಲಿಗ್ರಾಂ ರಂಜಕ ಇರುತ್ತದೆ. ಮುಳ್ಳಿಲ್ಲದ ಬಂಗುಡೆಯ ಮಾಂಸದಲ್ಲಿ ಅದರ ಅರ್ಧಕ್ಕೂ ಕಡಿಮೆ. ಬಂಗುಡೆಯ ಬೆನ್ನಿನ ಭಾಗ ಬಿಡಿಸಿ, ಉಪ್ಪು ಮಸಾಲೆ ಸೋಕಿಸದೆ, ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿಬಿಡಿ. ಪರಿಮಳಕ್ಕೆ ಅವಳು ಕಾಲು ಸುತ್ತಿದರೂ ಆ ನೀರು ಕೊಡಬೇಡಿ, ರಂಜಕದ ಒಂದು ಪಾಲು ಅದಕ್ಕೇ ಇಳಿದಿರುತ್ತದೆ. ಅಡಿಕೆ ಗಾತ್ರದ ಒಂದು ತುಂಡನ್ನು ಬೆರಳಲ್ಲಿ ಹಿಸುಕಿ, ಮುಳ್ಳು ತಾಗುತ್ತದೆಯೇ ನೋಡಿ, ಕಿಡ್ನಿ ಆಹಾರದ ಮೇಲೆ ಉದುರಿಸಿ. ರುಚಿಗೆ ಅಷ್ಟು ಸಾಕು. ಗಸಿಯ ಮೀನು ತೊಳೆದು ಕೊಡುವುದೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ.

ಬೇಯಿಸಿದ ಮೊಟ್ಟೆಯ ಬಿಳಿ ನಿಮಗೆ ದೊಡ್ಡ ಸಹಾಯ. ಅದರ 100 ಗ್ರಾಂನಲ್ಲಿ ರಂಜಕ ಬರೀ 15 ಮಿಲಿಗ್ರಾಂ, ಒಳ್ಳೆಯ ಪ್ರೋಟೀನ್. ಹಳದಿಯಲ್ಲಿ 390 ಇದೆ, ಅದು ಮಕ್ಕಳಿಗಿರಲಿ. ಹಾಗೆಂದು ಬಿಳಿ ಮತ್ತು ಅನ್ನದ ಮೇಲೆಯೇ ಅವಳನ್ನು ಇಡಬೇಡಿ, ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶ, ಕ್ಯಾಲ್ಸಿಯಂ ಎಲ್ಲ ಕೊರತೆಯಾಗುತ್ತವೆ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮನೆಯ ಪುಚ್ಚೆಗೆ ಇದೇ ಕಾಯಿಲೆ ಬಂತು. ಮೀನನ್ನು ಒಂದೇ ದಿನದಲ್ಲಿ ನಿಲ್ಲಿಸಿದೆ. ಹಸಿದರೆ ತಿಂದೀತು ಎಂದುಕೊಂಡೆ. ಅವನು ಬಟ್ಟಲು ಮೂಸಿ ತಿರುಗಿ ಹೋಗುತ್ತಿದ್ದ. ಐದನೇ ದಿನ ಬೆಳಿಗ್ಗೆ ಎತ್ತಿಕೊಂಡು ತುಟಿ ಸರಿಸಿದರೆ ವಸಡು ಅರಿಶಿನ ಬಣ್ಣ. ಹಸಿದ ಬೆಕ್ಕಿನ ಲಿವರಿಗೆ ಕೊಬ್ಬು ತುಂಬಿಕೊಳ್ಳುತ್ತದೆ. ಅವನು ಕಿಡ್ನಿಯಿಂದ ಸಾಯಲಿಲ್ಲ ಅಕ್ಕಾ. ಆದ್ದರಿಂದ ಹೊಸ ಆಹಾರವನ್ನು ಹಳೆಯದರೊಂದಿಗೆ ಒಂದೊಂದು ಚಮಚವಾಗಿ, ಮೂರು ನಾಲ್ಕು ವಾರ ತೆಗೆದುಕೊಂಡು ಬದಲಿಸಿ. ವಾಂತಿ, ಓಕರಿಕೆ ಇದ್ದರೆ ಮೊದಲು ಅದಕ್ಕೆ ಔಷಧಿ, ಆಮೇಲೆ ಹೊಸ ಆಹಾರ. ಒಂದಿಡೀ ದಿನ ಏನೂ ತಿನ್ನದಿದ್ದರೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಅವತ್ತಿನ ಮಟ್ಟಿಗೆ ಅವಳು ತಿನ್ನುವುದೇ ಸರಿಯಾದ ಆಹಾರ.

ಆಹಾರ ಬದಲಿಸಿಯೂ ಅಂಕಿ ಇಳಿಯದಿದ್ದರೆ ರಂಜಕ ಹಿಡಿಯುವ ಪುಡಿ ಇದೆ, ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನಂಥದ್ದು. ಅದು ಕರುಳಿನಲ್ಲೇ ರಂಜಕವನ್ನು ಹಿಡಿದು ಮಲದಲ್ಲಿ ಹೊರಹಾಕುತ್ತದೆ. ಊಟದಲ್ಲಿ ಬೆರೆಸಿದರೆ ಮಾತ್ರ ಕೆಲಸ. ಮನೆಯಲ್ಲಿರುವ ಗ್ಯಾಸ್ ಔಷಧಿ ಹಾಕಬೇಡಿ, ಅದರಲ್ಲಿ ಮೆಗ್ನೀಸಿಯಂ ಸೇರಿರುತ್ತದೆ.

ಇನ್ನೆಷ್ಟು ದಿನ ಎಂದು ಕೇಳಿದ್ದೀರಿ. ಬೊಳ್ಳಿಯ ಬಗ್ಗೆ ದಿನ ಎಣಿಸಿ ಹೇಳಲಾರೆ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಕಿಡ್ನಿ ಆಹಾರ ತಿಂದ ಬೆಕ್ಕುಗಳ ಮಧ್ಯಮ ಆಯುಸ್ಸು 633 ದಿನ, ತಿನ್ನದೆ ಉಳಿದವುಗಳದ್ದು 264 ದಿನ. ಒಲ್ಲೆ ಎಂದ ಬೆಕ್ಕುಗಳಿಗೂ ತಿಂದ ಬೆಕ್ಕುಗಳಿಗೂ ಬೇರೆ ವ್ಯತ್ಯಾಸಗಳಿದ್ದಿರಬಹುದು, ಎಲ್ಲ ಶ್ರೇಯಸ್ಸೂ ಆಹಾರದ್ದೇ ಎನ್ನಲಾರೆ. ಆದರೂ ಒಂದು ವರ್ಷದ ಅಂತರ ಸಣ್ಣದಲ್ಲ.

ಜುಲೈ 31ಕ್ಕೆ ಬೋಟುಗಳ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಹೊಸ ಬಂಗುಡೆ ಬರುವ ಹೊತ್ತಿಗೆ ಅವಳು ಪೂರ್ತಿ ಹೊಸ ಆಹಾರಕ್ಕೆ ಹೊಂದಿಕೊಂಡಿರಲಿ. ಅದಾಗಿ ನಾಲ್ಕರಿಂದ ಆರು ವಾರಕ್ಕೆ ಮತ್ತೆ ರಕ್ತ ಕೊಡಿಸಿ, ಬೆಳಗಿನ ಊಟಕ್ಕೆ ಮೊದಲು, ನೀರು ಮಾತ್ರ ಎಂದಿನಂತೆ ಇಟ್ಟು. ಹೊಟ್ಟೆ ತುಂಬಿದಾಗ ತೆಗೆದ ರಕ್ತದಲ್ಲಿ ರಂಜಕ ಏರಿ ಕಾಣುತ್ತದೆ. ಚೀಟಿ ಬಂದ ಮೇಲೆ ಇದೇ ಅಂಕಣಕ್ಕೆ ಬರೆಯಿರಿ, ಕಾಯುತ್ತಿರುತ್ತೇನೆ.