ಅಲನ್ ವೇಕ್ 2 ಆಡುವ ಮೊದಲು ಹಳೆಯ ಅಲನ್ ವೇಕ್ ಆಡಲೇಬೇಕಾ?

ಆಡಿ. ಆಡಲೇಬೇಕಾ ಅಂತ ಕೇಳಿದರೆ ಹಾಗೇನೂ ಇಲ್ಲ, ಆದರೂ ಆಡಿ ಅಂತಲೇ ಹೇಳ್ತೀನಿ.

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇದೆ. ನೇರವಾಗಿ ಎರಡನೆಯದನ್ನೇ ಶುರು ಮಾಡಿದರೆ ಕಥೆ ತಲೆಗೆ ಹೋಗುತ್ತಾ ಅನ್ನೋದು ಒಂದು. 2010ರ ವಿಡಿಯೊ ಗೇಮ್ ಈಗ ತೀರಾ ಹಳೆಯದಾಗಿ ಕಾಣುತ್ತಿದೆ, ಯೂಟ್ಯೂಬ್‌ನಲ್ಲಿ ಕಥೆ ಕೇಳಿಕೊಂಡರೆ ಸಾಲದಾ ಅನ್ನೋದು ಇನ್ನೊಂದು. ಕೊನೆಯಲ್ಲಿ, ಹಾರರ್ ವಿಷಯದಲ್ಲಿ ನೀವು ಸ್ವಲ್ಪ ಪುಕ್ಕಲು ಅಂತ ಸೇರಿಸಿದ್ದೀರಿ. ನನ್ನ ಲೆಕ್ಕದಲ್ಲಿ ಈ ಮೂರನೆಯದೇ ಮುಖ್ಯ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಕಥೆ. ಎರಡನೆಯದನ್ನು ಮಾತ್ರ ಆಡಿದರೂ ಅರ್ಥವಾಗುತ್ತೆ, ಹಾಗಂತ ನಿಮ್ಮ ಗೆಳೆಯ ಹೇಳಿದ್ದಾನೆ ಅಂತ ಬರೆದಿದ್ದೀರಲ್ಲ, ಅದು ಸುಳ್ಳಲ್ಲ. ಎರಡೂ ಆಟಗಳ ನಡುವೆ 13 ವರ್ಷದ ಅಂತರ ಇದೆ, 2010ರಲ್ಲಿ ಒಂದು, 2023ರ ಅಕ್ಟೋಬರ್‌ನಲ್ಲಿ ಇನ್ನೊಂದು. ಅಷ್ಟು ವರ್ಷ ಆದ ಮೇಲೆ ಹೊಸಬರನ್ನು ಹೊರಗೆ ನಿಲ್ಲಿಸಿದರೆ ಆಟ ಮಾಡಿದ ರೆಮಿಡಿ ಕಂಪನಿಗೇ ನಷ್ಟ ಅಲ್ವಾ? ಅದಕ್ಕೇ ಸಾಗಾ ಆಂಡರ್ಸನ್ ಅನ್ನೋ ಎಫ್‌ಬಿಐ ಏಜೆಂಟ್‌ಳನ್ನು ತಂದಿದ್ದಾರೆ. ಬ್ರೈಟ್ ಫಾಲ್ಸ್ ಅನ್ನೋ ಪುಟ್ಟ ಊರಲ್ಲಿ ಸಾಲು ಕೊಲೆಗಳಾಗಿವೆ, ಯಾರೋ ಏನೋ ವಿಧಿ ಮಾಡಿದ ಹಾಗೆ ಕೊಂದಿದ್ದಾರೆ, ಅದರ ತನಿಖೆಗೆ ಬರ್ತಾಳೆ. ಅವಳಿಗೂ ಅಲನ್ ವೇಕ್ ಯಾರು, ಏನಾದ ಅಂತ ಗೊತ್ತಿಲ್ಲ. ನಿಮಗೂ ಗೊತ್ತಿರಲ್ಲ. ಅವಳು ಗೋಡೆ ಮೇಲೆ ಫೋಟೊ, ಚೀಟಿ ಅಂಟಿಸಿ ದಾರ ಕಟ್ಟಿ ಕೇಸು ಜೋಡಿಸುತ್ತಾ ಹೋದ ಹಾಗೆ ನಿಮಗೂ ಒಂದೊಂದೇ ತಿಳಿಯುತ್ತೆ. ತನಿಖೆಯ ಮಟ್ಟಿಗೆ ಯಾವ ಕೊರತೆಯೂ ಆಗಲ್ಲ.

ಕೊರತೆ ಆಗೋದು ಬೇರೆ ಕಡೆ. ಆಟದ ಅರ್ಧ ಭಾಗ ಮಾತ್ರ ಸಾಗಾಳದು, ಇನ್ನರ್ಧ ಅಲನ್‌ನದು. ಅವನು ಒಬ್ಬ ಕಾದಂಬರಿಕಾರ. 13 ವರ್ಷದಿಂದ ಡಾರ್ಕ್ ಪ್ಲೇಸ್ ಅನ್ನೋ ಕತ್ತಲ ಲೋಕದಲ್ಲಿ ಸಿಕ್ಕಿಹಾಕಿಕೊಂಡು, ಬರೆದು ಬರೆದೇ ಹೊರಗೆ ಬರೋಕೆ ನೋಡ್ತಿದ್ದಾನೆ. ಇದು ಟ್ರೈಲರ್‌ನಲ್ಲೇ ಇದೆ, ಸ್ಪಾಯ್ಲರ್ ಅಲ್ಲ. ಅವನು ಅಲ್ಲಿಗೆ ಯಾಕೆ ಹೋದ, ಯಾರಿಗೋಸ್ಕರ ಹೋದ ಅಂತ ಎರಡನೆಯ ಆಟ ಹೇಳುತ್ತೆ, ಆದರೆ ಹೇಳುತ್ತೆ ಅಷ್ಟೇ. ಮೊದಲನೆಯದರಲ್ಲಿ ಕಳೆದುಹೋದ ಹೆಂಡತಿ ಆಲಿಸ್‌ಳನ್ನು ಹುಡುಕುತ್ತಾ ರಾತ್ರಿ ಪೂರ್ತಿ ಆ ಕಾಡಲ್ಲಿ ಓಡಿದವರು ನೀವೇ ಆಗಿದ್ದರೆ, ಸುಸ್ತಾದ ಮುಖದ ಈ ಗಡ್ಡದ ಮನುಷ್ಯ ತೆರೆ ಮೇಲೆ ಬಂದ ತಕ್ಷಣ ಬೇರೆಯೇ ಅನ್ನಿಸುತ್ತೆ. ಯೂಟ್ಯೂಬ್ ವಿಡಿಯೊದಿಂದ ಬರದೇ ಇರೋದು ಇದೇ. ಕಥೆಯ ಸಾರಾಂಶ ಸಿಗುತ್ತೆ, ಆದರೆ ಅಷ್ಟು ಹೊತ್ತು ಅವನ ಜೊತೆ ಇದ್ದೆ ಅನ್ನೋದು ಸಿಗಲ್ಲ.

ಸಣ್ಣ ಸಣ್ಣ ಗುರುತುಗಳೂ ಹೀಗೆಯೇ. ಎರಡನೆಯದರಲ್ಲಿ ಸಾಗಾಳ ಜೊತೆಗಾರನ ಹೆಸರು ಅಲೆಕ್ಸ್ ಕೇಸಿ. ಹೊಸದಾಗಿ ಆಡುವವರಿಗೆ ಅವನು ಒಬ್ಬ ಸಿಡುಕು ಮುಖದ ಏಜೆಂಟ್, ಅಷ್ಟೇ. ಮೊದಲನೆಯದನ್ನು ಆಡಿದವರಿಗೆ ಹೆಸರು ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತೆ, ಯಾಕಂದ್ರೆ ಅಲೆಕ್ಸ್ ಕೇಸಿ ಅನ್ನೋನು ಅಲನ್ ಬರೆದ ಪತ್ತೇದಾರಿ ಕಾದಂಬರಿಗಳ ನಾಯಕ. ಕಾದಂಬರಿಯ ಪಾತ್ರ ಬ್ಯಾಡ್ಜ್ ಹಾಕಿಕೊಂಡು ಕಾಫಿ ಕುಡಿಯುತ್ತಾ ಯಾಕೆ ನಿಂತಿದೆ? ಆ ಮುಖ ಆಟದ ಬರಹಗಾರ ಸ್ಯಾಮ್ ಲೇಕ್ ಅವರದೇ, ದನಿ ಇದೇ ಕಂಪನಿಯ ಹಳೆಯ ಆಟ ಮ್ಯಾಕ್ಸ್ ಪೇನ್‌ನ ನಾಯಕನಿಗೆ ದನಿ ಕೊಟ್ಟಿದ್ದ ಜೇಮ್ಸ್ ಮೆಕ್‌ಕ್ಯಾಫ್ರಿ ಅವರದು. 2001ರ ಮ್ಯಾಕ್ಸ್ ಪೇನ್ ಮುಖವೂ ಸ್ಯಾಮ್ ಲೇಕ್ ಅವರದೇ ಆಗಿತ್ತು. ಈ ಜನಕ್ಕೆ ಇಂಥ ಕುಚೇಷ್ಟೆ ಅಂದ್ರೆ ತುಂಬ ಇಷ್ಟ.

ಇನ್ನೊಂದು, ಸಿಂಥಿಯಾ ವೀವರ್. ಮೊದಲ ಆಟದಲ್ಲಿ ಸದಾ ಲಾಂದ್ರ ಹಿಡಿದು ಓಡಾಡುವ ಹೆಂಗಸು, ಕತ್ತಲೆ ಕಡೆ ಹೋಗಬೇಡ ಅಂತ ಎಲ್ಲರಿಗೂ ಎಚ್ಚರಿಸ್ತಾಳೆ, ಊರವರು ತಲೆ ಕೆಟ್ಟವಳು ಅಂದುಕೊಂಡಿದ್ದಾರೆ. ಎರಡನೆಯದರಲ್ಲೂ ಅವಳ ಒಂದು ಭಾಗ ಬರುತ್ತೆ. ಹೊಸಬರು ಅಲ್ಲಿ ಬೆಚ್ಚಿಬೀಳ್ತಾರೆ. ಹಳಬರೂ ಬೆಚ್ಚಿಬೀಳ್ತಾರೆ, ಜೊತೆಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಏನಾಗುತ್ತೆ ಅಂತ ಹೇಳಲ್ಲ. ಸಾಗಾಳ ಆಂಡರ್ಸನ್ ಅನ್ನೋ ಅಡ್ಡಹೆಸರನ್ನೂ ನೆನಪಲ್ಲಿ ಇಟ್ಟುಕೊಂಡು ಮೊದಲನೆಯದನ್ನು ಆಡಿ, ಯಾಕೆ ಅಂತ ಕೇಳಬೇಡಿ.

ಈಗ ಭಯದ ವಿಷಯ. ಎರಡೂ ಒಂದೇ ಥರದ ಆಟ ಅಂದುಕೊಳ್ಳಬೇಡಿ. ಮೊದಲನೆಯದು ನಿಜ ಹೇಳಬೇಕಂದ್ರೆ ಥ್ರಿಲ್ಲರ್, ಭಯಕ್ಕಿಂತ ಗಡಿಬಿಡಿ ಜಾಸ್ತಿ. ಕಾಡು, ಮಂಜು, ಮರದ ಮಧ್ಯೆ ಕೊಡಲಿ ಹಿಡಿದ ನೆರಳುಗಳು. ಅವುಗಳ ಮೈಗೆ ಕತ್ತಲೆ ಅಂಟಿಕೊಂಡಿರೋದರಿಂದ ಸುಮ್ನೆ ಗುಂಡು ಹೊಡೆದರೆ ಏನೂ ಆಗಲ್ಲ. ಮೊದಲು ಟಾರ್ಚ್ ಬೆಳಕನ್ನು ಅವುಗಳ ಮೇಲೆ ನೆಟ್ಟು ಹಿಡಿಯಬೇಕು, ಕಿಡಿ ಹಾರಿ ಫಟ್ ಅಂತ ಆ ಕತ್ತಲೆ ಒಡೆಯಬೇಕು, ಆಮೇಲೆ ರಿವಾಲ್ವರ್. ಅಷ್ಟರಲ್ಲಿ ಬ್ಯಾಟರಿ ಇಳಿದಿರುತ್ತೆ, ಎಡಗಡೆಯಿಂದ ಇನ್ನೊಬ್ಬ ಬಂದಿರುತ್ತಾನೆ, ಕ್ಯಾಮೆರಾ ಒಂದು ಕ್ಷಣ ನಿಧಾನವಾಗಿ ತಿರುಗಿ ನಿಮ್ಮ ಬೆನ್ನ ಹಿಂದೆ ನಿಂತವನನ್ನು ತೋರಿಸುತ್ತೆ. ದೂರದಲ್ಲಿ ಒಂದು ಜನರೇಟರ್. ಅದರ ಹಗ್ಗ ಎಳೆಯುವಾಗ ಸರಿಯಾದ ಹೊತ್ತಿಗೆ ಬಟನ್ ಒತ್ತಬೇಕು, ತಪ್ಪಿದರೆ ಮತ್ತೆ ಎಳಿ, ಹಿಂದೆ ಹೆಜ್ಜೆ ಸಪ್ಪಳ ಹತ್ತಿರ ಆಗ್ತಾ ಇರುತ್ತೆ. ದೀಪ ಹೊತ್ತಿಕೊಂಡ ಮೇಲೆ ಮಾತ್ರ ಉಸಿರು. ಇದರ ಮಧ್ಯೆ ಆ ಪಿಶಾಚಿಗಳು ಅರಚೋ ಮಾತು ಕೇಳಿದರೆ ನಗು ಬರುತ್ತೆ. ಒಮೆಗಾ 3 ಹೃದಯಕ್ಕೆ ಒಳ್ಳೆಯದು ಅಂತ ಕೂಗಿಕೊಂಡು ಕೊಡಲಿ ಬೀಸ್ತಾನೆ ಒಬ್ಬ.

ಎರಡನೆಯದು ಹಾಗಲ್ಲ. ಅದು ಪಕ್ಕಾ ಸರ್ವೈವಲ್ ಹಾರರ್. ನಿಧಾನ, ಗುಂಡು ಕಮ್ಮಿ, ಚೀಲದಲ್ಲಿ ಜಾಗ ಕಮ್ಮಿ, ಉಳಿದದ್ದನ್ನು ಸುರಕ್ಷಿತ ಕೋಣೆಯಲ್ಲಿರುವ ಶೂ ಡಬ್ಬಿಯಲ್ಲಿ ಇಟ್ಟು ಬರಬೇಕು. ಇದ್ದಕ್ಕಿದ್ದ ಹಾಗೆ ತೆರೆ ತುಂಬ ಒಂದು ಮುಖ ಚೀರಿಕೊಂಡು ಬಂದು ಹೋಗುತ್ತೆ, ಅದೂ ಒಂದೆರಡು ಸಲ ಅಲ್ಲ. ಹಾಗಾಗಿ ಪುಕ್ಕಲು ಅನ್ನೋ ಕಾರಣಕ್ಕೆ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋಗೋದು ಉಲ್ಟಾ ಲೆಕ್ಕ. ಈಜು ಕಲಿಯೋಕೆ ಸೀದಾ ಬಾವಿಗೆ ಹಾರಿದ ಹಾಗೆ. ಮೊದಲನೆಯದರಲ್ಲಿ ಆ ಊರು, ಆ ಕಾಡು, ಬೆಳಕು ಹಿಡಿದರೆ ಬಚಾವು ಅನ್ನೋ ಲೆಕ್ಕ ಎಲ್ಲ ಒಂದು ಸಲ ರೂಢಿಯಾದರೆ ಎರಡನೆಯದರಲ್ಲಿ ಅರ್ಧ ಧೈರ್ಯ ಮೊದಲೇ ಬಂದಿರುತ್ತೆ.

ಹಳೆಯದಾಗಿ ಕಾಣುತ್ತೆ ಅನ್ನೋದು ನಿಜ, ಅದನ್ನು ಮುಚ್ಚಿಡಲ್ಲ. 2021ರಲ್ಲಿ ಬಂದ ರೀಮಾಸ್ಟರ್ಡ್, ಅಂದ್ರೆ ಅದೇ ಆಟವನ್ನು ಚಿತ್ರ ಚೊಕ್ಕ ಮಾಡಿ ಮತ್ತೆ ತಂದದ್ದು, ತಗೊಳ್ಳಿ, ಪ್ಲೇಸ್ಟೇಷನ್‌ನಲ್ಲಿ ಆಡೋರಿಗೆ ಹೇಗೂ ಅದೊಂದೇ ಇರೋದು. ಪಿಸಿಯಲ್ಲಿ ಹಳೆಯದು ಆಗಲೇ ನಿಮ್ಮ ಹತ್ತಿರ ಇದ್ದರೆ ಅದೇ ಸಾಕು, ಹೊಸದಾಗಿ ದುಡ್ಡು ಹಾಕಬೇಡಿ. ರೀಮಾಸ್ಟರ್‌ನಲ್ಲೂ ತುಟಿ ಒಂದು ಕಡೆ ಮಾತು ಒಂದು ಕಡೆ ಅನ್ನಿಸೋ ಜಾಗ ಇದೆ. ಕಾರು ಓಡಿಸೋ ಭಾಗಗಳು ಬರೀ ಬೋರು. ಮಧ್ಯದ ಎಪಿಸೋಡ್‌ಗಳಲ್ಲಿ, ಮತ್ತೆ ಅದೇ ಕಾಡಾ ಅಂತ ಅನ್ನಿಸೇ ಅನ್ನಿಸುತ್ತೆ.

ಅದಕ್ಕೆ ಆಡುವ ರೀತಿ ಸ್ವಲ್ಪ ಬದಲಿಸಿಕೊಂಡರೆ ಸರಿಹೋಗುತ್ತೆ. ಇದನ್ನು ಟಿವಿ ಸೀರಿಯಲ್ ಥರ ಕಟ್ಟಿದ್ದಾರೆ, ಒಟ್ಟು ಆರು ಎಪಿಸೋಡ್, ಪ್ರತಿಯೊಂದರ ಶುರುವಿಗೆ ಹಿಂದಿನ ಕಥೆಯ ತುಣುಕು, ಕೊನೆಗೊಂದು ಹಾಡು. ಒಂದೇ ಕೂತದ್ದರಲ್ಲಿ ಎಳೆಯೋಕೆ ಹೋಗಬೇಡಿ, ದಿನಕ್ಕೊಂದು ಎಪಿಸೋಡ್ ಸಾಕು. ಕಷ್ಟದ ಮಟ್ಟ ನಾರ್ಮಲ್‌ನಲ್ಲೇ ಇಟ್ಟು ಆಡಿ, ಅದಕ್ಕಿಂತ ಸುಲಭದ್ದು ಅದರಲ್ಲಿ ಇಲ್ಲ, ಕಷ್ಟದ್ದರಿಂದ ಕಥೆಗೆ ಏನೂ ಲಾಭ ಇಲ್ಲ. ಗುಂಡು ಕೂಡಿಡಬೇಡಿ. ಹಾರರ್ ಆಡಿ ಅಭ್ಯಾಸ ಇರೋರು ಎಲ್ಲವನ್ನೂ ಮುಂದಕ್ಕೆ ಅಂತ ಉಳಿಸ್ತಾರೆ, ಇಲ್ಲಿ ಹೊಸ ಎಪಿಸೋಡ್ ಶುರುವಾದರೆ ಕೈಯಲ್ಲಿದ್ದ ಬಂದೂಕು, ಫ್ಲೇರ್ ಅನ್ನೋ ಉರಿಯುವ ಬೆಳಕಿನ ಕಡ್ಡಿ ಎಲ್ಲ ಮಾಯ. ಇರೋವಾಗಲೇ ಖರ್ಚು ಮಾಡಿ. ಎಲ್ಲರನ್ನೂ ಕೊಲ್ಲಲೇಬೇಕು ಅಂತಲೂ ಇಲ್ಲ, ದೀಪದ ಕಂಬ ಕಂಡರೆ ಸೀದಾ ಅದರ ಕೆಳಗೆ ಓಡಿ.

ಕಾಡಿನಲ್ಲೆಲ್ಲ 100 ಕಾಫಿ ಫ್ಲಾಸ್ಕ್ ಬಚ್ಚಿಟ್ಟಿದ್ದಾರೆ, ಅವುಗಳ ಹಿಂದೆ ಹೋದರೆ ಕಥೆಯ ಓಟ ಹಾಳಾಗುತ್ತೆ, ಬಿಟ್ಟುಬಿಡಿ. (ಎರಡನೆಯದರಲ್ಲಿ ಸೇವ್ ಮಾಡೋದೇ ಕಾಫಿ ಫ್ಲಾಸ್ಕ್‌ನಿಂದ. ಮೊದಲ ಸಲ ಅದನ್ನು ನೋಡಿದಾಗ ನಗು ಬರದಿದ್ದರೆ ಕೇಳಿ.) ಆದರೆ ಹಸ್ತಪ್ರತಿಯ ಪುಟ ಕಂಡರೆ ಮಾತ್ರ ಬಿಡಬೇಡಿ, ಅಲ್ಲೇ ನಿಂತು ಓದಿ. ಅಲನ್‌ಗೆ ತಾನು ಬರೆದ ನೆನಪೇ ಇಲ್ಲದ ಕಾದಂಬರಿಯ ಪುಟಗಳವು, ಇನ್ನು ಸ್ವಲ್ಪ ಹೊತ್ತಿಗೆ ಏನಾಗುತ್ತೆ ಅಂತ ಮೊದಲೇ ಬರೆದಿರುತ್ತೆ. ಗರಗಸ ಹಿಡಿದವನೊಬ್ಬ ಬರ್ತಾನೆ ಅಂತ ಓದಿಬಿಟ್ಟಿರ್ತೀರಿ, ಆಮೇಲೆ ಆ ದಾರಿಯಲ್ಲಿ ಗರಗಸದ ಸದ್ದು ಯಾವಾಗ ಶುರುವಾಗುತ್ತೋ ಅಂತ ಕಾಯ್ತಾ ನಡೆಯೋದೇ ನಿಜವಾದ ಹಿಂಸೆ. ಇಡೀ ಆಟದಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಇದು. ಟಿವಿ, ರೇಡಿಯೊ ಕಂಡರೆ ಅವನ್ನೂ ಹಾಕಿ ಕೇಳಿ. ಎರಡನೆಯದರಲ್ಲಿ ಅಲನ್‌ನ ಭಾಗ ಶುರುವಾಗೋದೇ ಒಂದು ಟಿವಿ ಟಾಕ್ ಶೋನಿಂದ.

ಆರು ಎಪಿಸೋಡ್ ಮುಗಿದ ಮೇಲೆ ದಿ ಸಿಗ್ನಲ್, ದಿ ರೈಟರ್ ಅಂತ ಎರಡು ವಿಶೇಷ ಭಾಗಗಳಿವೆ, ರೀಮಾಸ್ಟರ್ಡ್ ಜೊತೆಗೇ ಬರುತ್ತವೆ. ಬೇರೆ ಏನು ಬಿಟ್ಟರೂ ಇವನ್ನು ಬಿಡಬೇಡಿ. ಇವು ಪೂರ್ತಿ ಕತ್ತಲ ಲೋಕದ ಒಳಗೇ ನಡೆಯೋದು. ಗಾಳಿಯಲ್ಲಿ ಪದಗಳು ತೇಲ್ತಾ ಇರುತ್ತವೆ, ಟಾರ್ಚ್ ಬೆಳಕು ಹಾಯಿಸಿದರೆ ಆ ಪದ ವಸ್ತುವಾಗುತ್ತೆ. ಸೇತುವೆ ಅಂತ ಬರೆದಿದ್ದರೆ ಸೇತುವೆ. ಎರಡನೆಯದರಲ್ಲಿ ಅಲನ್ ತನ್ನ ಬೋರ್ಡ್ ಮೇಲೆ ಕಥೆಯ ಎಳೆ ಬದಲಿಸಿದ ಕೂಡಲೇ ಎದುರಿಗಿದ್ದ ಸುರಂಗವೋ ಹೋಟೆಲೋ ಕಣ್ಣ ಮುಂದೆಯೇ ಬೇರೆಯಾಗುತ್ತಲ್ಲ, ಅದರ ಬೀಜ ಇಲ್ಲೇ ಇದೆ. ಇಷ್ಟು ಆಡಿ ಬಂದವರು ಅಲ್ಲಿ ತಡವರಿಸಲ್ಲ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಅಲನ್‌ನದೇ ಇನ್ನೊಂದು ಆಟ, 2012ರ ಅಮೆರಿಕನ್ ನೈಟ್‌ಮೇರ್, ಬೇಡ. 2019ರ ಕಂಟ್ರೋಲ್ ಇದೇ ಕಂಪನಿಯ ಬೇರೆ ಆಟ, ತುಂಬ ಚೆನ್ನಾಗಿದೆ, ಆದರೆ ಅಲನ್ ವೇಕ್ 2ಗೋಸ್ಕರ ಅದನ್ನೂ ಆಡಿ ಅಂದ್ರೆ ನೀವು ಯಾವ ಆಟವನ್ನೂ ಶುರು ಮಾಡಲ್ಲ. ಎರಡೂ ಒಂದೇ ಲೋಕದ ಕಥೆ, ಅಲ್ಲಿಯ ಸರ್ಕಾರಿ ಇಲಾಖೆಯವರು ಇಲ್ಲಿಗೂ ಬರ್ತಾರೆ, ಒಬ್ಬ ನೆಲ ಒರೆಸುವ ಮುದುಕನೂ ಬರ್ತಾನೆ, ಅಷ್ಟು ತಿಳಿದಿದ್ದರೆ ಸಾಕು. ಆಮೇಲೆ ಬಿಡುವಾದಾಗ ಆಡಿ.

ಇಷ್ಟೆಲ್ಲ ಹೇಳಿದ ಮೇಲೂ ಎರಡನೇ ಎಪಿಸೋಡ್ ಮುಗಿಯೋ ಹೊತ್ತಿಗೆ ನಿಮಗೆ ಕೈ ಹಿಡಿಯಲಿಲ್ಲ ಅಂದ್ರೆ ನಿಲ್ಲಿಸಿಬಿಡಿ. ಅಲ್ಲಿಂದ ಮುಂದೆ ಹೊಡೆದಾಟ ಏನೂ ಬದಲಾಗಲ್ಲ, ಆಗ ಇಷ್ಟವಾಗದ್ದು ಆರನೆಯದರಲ್ಲಿ ಇಷ್ಟವಾಗುತ್ತೆ ಅನ್ನೋದು ಸುಳ್ಳು. ಹಲ್ಲು ಕಚ್ಚಿ ಮುಗಿಸಿದರೆ ಎರಡನೆಯದರ ಮೇಲೂ ಸಿಟ್ಟೇ ಬರುತ್ತೆ. ಆಗ ಮೊದಲನೆಯ ಆಟದ ಕಟ್‌ಸೀನ್‌ಗಳನ್ನು, ಅಂದ್ರೆ ಮಧ್ಯೆ ಮಧ್ಯೆ ಸಿನಿಮಾ ಥರ ಬರೋ ಕಥೆಯ ದೃಶ್ಯಗಳನ್ನು, ಮಾತ್ರ ಜೋಡಿಸಿರೋ ವಿಡಿಯೊ ನೋಡಿ. ವಿಕಿ ಪುಟ ಮಾತ್ರ ತೆರೆಯಬೇಡಿ, ಯಾವ ಪಾತ್ರದ ಹೆಸರು ಹುಡುಕಿದರೂ ಮೊದಲ ಸಾಲಲ್ಲೇ ಎರಡನೆಯ ಆಟದ ಗುಟ್ಟು ಬಯಲಾಗಿರುತ್ತೆ.

ಎರಡನೆಯದನ್ನು ಶುರು ಮಾಡುವಾಗ ಡಿಫಿಕಲ್ಟಿಯಲ್ಲಿ ಎಲ್ಲಕ್ಕಿಂತ ಸುಲಭದ ಸ್ಟೋರಿ ಆರಿಸಿಕೊಳ್ಳಿ, ಮರ್ಯಾದೆ ಪ್ರಶ್ನೆ ಏನಿಲ್ಲ. 2024ರ ಅಕ್ಟೋಬರ್‌ನ ಅಪ್‌ಡೇಟ್‌ನಲ್ಲಿ ಗುಂಡು ಮುಗಿಯದ ಹಾಗೆ, ಬ್ಯಾಟರಿ ಮುಗಿಯದ ಹಾಗೆ, ಬೇಕಾದರೆ ನೀವು ಸಾಯದೇ ಇರೋ ಹಾಗೂ ಮಾಡಿಕೊಳ್ಳೋ ಆಯ್ಕೆಗಳು ಬಂದಿವೆ. ಆ ಚೀರೋ ಮುಖಗಳ ಅಬ್ಬರ ತಗ್ಗಿಸೋಕೂ ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಇದೆ, ಶುರುವಿಗೇ ಹೋಗಿ ನೋಡಿ. ಸ್ವಲ್ಪ ದೂರ ಹೋದ ಮೇಲೆ ಸಾಗಾಳ ಕಥೆ, ಅಲನ್‌ನ ಕಥೆ ಎರಡರಲ್ಲಿ ಯಾವುದನ್ನು ಬೇಕಾದರೂ ಆಡಬಹುದು ಅಂತ ಆಟ ಬಿಟ್ಟುಕೊಡುತ್ತೆ. ಒಂದನ್ನೇ ಕೊನೆವರೆಗೆ ಎಳೆಯಬೇಡಿ, ಅದಲು ಬದಲು ಮಾಡಿಕೊಳ್ಳುತ್ತಾ ಹೋಗಿ, ಒಂದರಲ್ಲಿ ಕಂಡದ್ದಕ್ಕೆ ಇನ್ನೊಂದರಲ್ಲಿ ಅರ್ಥ ಸಿಗುತ್ತೆ. ಅಲನ್‌ನ ಭಾಗದ ಮಧ್ಯೆ ಒಂದು ಇಡೀ ಅಧ್ಯಾಯ ಹಾಡು, ಕುಣಿತದಲ್ಲೇ ನಡೆಯುತ್ತೆ, ಅವನ ಅಲ್ಲಿವರೆಗಿನ ಬದುಕೆಲ್ಲ ಆ ಹಾಡಿನಲ್ಲೇ ಇದೆ. ಮೊದಲನೆಯದನ್ನು ಆಡಿದವರು ಅಲ್ಲಿ ಟಾರ್ಚ್ ಹಿಡಿಯೋದನ್ನೂ ಮರೆತು ನಿಂತು ಕೇಳ್ತಾರೆ. ಅಲ್ಲಿಗೆ ತಲುಪಿದ ಮೇಲೆ ಹೇಗನ್ನಿಸಿತು ಅಂತ ಬಂದು ಬರೆಯಿರಿ.