ಹೋಗೋಕೆ ಒಂದು ಜಾಗ ಬೇಕು

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಮ್ಮಂದಿರ ಬಗ್ಗೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತವೆ. "ಮೇಡಂ, ಅಮ್ಮ ಮಂಕಾಗಿದ್ದಾರೆ. ವಾಕಿಂಗ್ ಮಾಡಮ್ಮ ಅಂದ್ರೆ ಕೇಳಲ್ಲ. ನೀವಾದ್ರೂ ಹೇಳಿ."

ಸುಶೀಲಮ್ಮನ ಮಗಳು ಹೇಳಿದ್ದೂ ಇದನ್ನೇ. (ಹೆಸರು ಬದಲಿಸಿದ್ದೇನೆ, ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಹಾಸನದವರು, 62 ವರ್ಷ, ಹತ್ತು ವರ್ಷದಿಂದ ಶುಗರ್. ಮಗಳ ಮನೆ ಟೆಕ್ಸಾಸಿನ ಡಲ್ಲಾಸ್ ಹೊರವಲಯದಲ್ಲಿ. ಬಂದು ಮೂರು ತಿಂಗಳಾಗಿತ್ತು. ಊರಿನಲ್ಲಿ 130ರ ಆಸುಪಾಸಿದ್ದ ಖಾಲಿಹೊಟ್ಟೆಯ ಶುಗರ್ 180 ದಾಟಿತ್ತು. ಮಗಳು ಟ್ರೆಡ್‌ಮಿಲ್ ತರಿಸಿದ್ದಳು. ಅಮ್ಮ ಎರಡು ದಿನ ಹತ್ತಿ ಬಿಟ್ಟಿದ್ದರು.

ಮೊದಲ ಸಲ ವಿಡಿಯೋದಲ್ಲಿ ಮಾತಾಡಿದಾಗ ಅವರು ಹೆಚ್ಚು ಹೇಳಲಿಲ್ಲ. ಎರಡನೇ ಸಲ ಮಗಳನ್ನು ಆಚೆ ಹೋಗಲು ಹೇಳಿ, ಒಂದು ಪ್ರಶ್ನೆ ಕೇಳಿದೆ. "ಊರಲ್ಲಿ ಬೆಳಗ್ಗೆ ಎದ್ದು ಏನೇನು ಮಾಡ್ತಿದ್ರಿ ಅಮ್ಮ?"

"ವ್ಯಾಯಾಮ ಅಂತ ಏನೂ ಮಾಡ್ತಿರಲಿಲ್ಲ ಕಣಮ್ಮ" ಅಂತಲೇ ಶುರುಮಾಡಿದರು. ಆಮೇಲೆ ನಿಲ್ಲಲೇ ಇಲ್ಲ. ಬಾಗಿಲಿಗೆ ನೀರು ಹಾಕಿ ಕುಕ್ಕರಗಾಲಲ್ಲಿ ರಂಗೋಲಿ. ನಂದಿನಿ ಬೂತಿನಿಂದ ಹಾಲು. ಪೂಜೆಗೆ ಪಕ್ಕದ ಬೀದಿಯ ಕಾಂಪೌಂಡಿನ ದಾಸವಾಳ. ಬಟ್ಟೆ ಒಣಹಾಕಲು ತಾರಸಿಗೆ ಎರಡು ಸಲ. ಕೊತ್ತಂಬರಿ ಮರೆತರೆ ಮತ್ತೆ ಅಂಗಡಿ. ಸಂಜೆ ಗಣಪತಿ ಗುಡಿ. "ಇಲ್ಲಿ ಹಾಲು ಗ್ಯಾಲನ್‌ಗಟ್ಟಲೆ ಬರುತ್ತೆ, ವಾರಕ್ಕೊಂದು ಸಲ, ಕಾರಲ್ಲಿ. ಬಟ್ಟೆ ಮಿಷಿನ್ನಲ್ಲೇ ಒಣಗುತ್ತೆ. ಒಂದು ಕಟ್ಟು ಕೊತ್ತಂಬರಿಗೂ ಅಳಿಯಂದಿರ ರಜಾ ಕಾಯ್ಬೇಕು. ಆ ಮಿಷಿನ್ ಮೇಲೆ ಗೋಡೆ ನೋಡ್ಕೊಂಡು ಎಲ್ಲಿಗೆ ಅಂತ ನಡೀಲಿ? ನನಗೆ ವ್ಯಾಯಾಮ ಬೇಡಮ್ಮ. ಹೋಗೋಕೆ ಒಂದು ಜಾಗ ಬೇಕು."

ಅಷ್ಟು ಹೇಳಿ ಕ್ಯಾಮೆರಾ ಬಗ್ಗಿಸಿ ಕಾಲು ತೋರಿಸಿದರು. ಹಿಮ್ಮಡಿಯ ಮೇಲೆ ಸಾಕ್ಸಿನ ಗುರುತು ಆಳವಾಗಿ ಕೂತಿತ್ತು. ಇಡೀ ದಿನ ಅಡುಗೆಮನೆಯಲ್ಲಿ, ಮಗು ಎತ್ತಿಕೊಂಡು, ನಿಂತೇ ಇರುತ್ತಿದ್ದರು. ಫೋನಿನಲ್ಲಿ ನೋಡಿದರೆ ದಿನಕ್ಕೆ ಒಂದೂವರೆ ಸಾವಿರ ಹೆಜ್ಜೆ. ದಣಿವು ಬೇರೆ, ನಡಿಗೆ ಬೇರೆ. ಮನೆಗೆಲಸದಲ್ಲಿ ಸೋತವರನ್ನು "ಸೋಮಾರಿ" ಅನ್ನುವ ಮುಂಚೆ ಇದನ್ನು ಸ್ವಲ್ಪ ಯೋಚಿಸಬೇಕು, ಅಲ್ವಾ?

ನಾನು ಸಲಹೆ ಕೊಟ್ಟದ್ದು ಅಮ್ಮನಿಗಲ್ಲ, ಮಗಳಿಗೆ. ಅವಳಿಗೆ ಅದು ಹಿಡಿಸಲಿಲ್ಲ. "ಸಮಸ್ಯೆ ಅಮ್ಮಂದು, ಬೈಗುಳ ನನಗಾ?" ಎಂದಳು. ಬೈದಿರಲಿಲ್ಲ. ಆದರೆ ಆ ಮನೆಯಲ್ಲಿ ಬಾಗಿಲಿನ ಕೋಡ್ ಕೂಡ ಅಮ್ಮನಿಗೆ ಗೊತ್ತಿರಲಿಲ್ಲ. ಹೊರಗೆ ಹೋಗುವ ದಾರಿಯೇ ಇಲ್ಲದವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಉಪದೇಶ ಮಾಡುವುದು ನನ್ನ ಕೈಲಿ ಆಗದ ಕೆಲಸ.

ಹೇಳಿದ್ದು ಇಷ್ಟು. ಕೋಡ್ ಹೇಳಿಕೊಡಿ. ಬೀದಿ ಕೊನೆಯ ಅಂಚೆಪೆಟ್ಟಿಗೆಯ ಬೀಗದ ಕೈ ಅವರಿಗೆ ಕೊಡಿ, ಟಪಾಲು ತರುವುದು ಅವರ ಕೆಲಸವಾಗಲಿ. ಜುಲೈಯಲ್ಲಿ ಅಲ್ಲಿ ಬಿಸಿಲು 38 ಡಿಗ್ರಿ ಆಗುವುದು ಮಾಮೂಲು, ಹಾಗಾಗಿ ಪಾರ್ಕಿಗೆ ಬೆಳಗ್ಗೆ ಆರೂವರೆಗೆ. ಸೀರೆಗೆ ಶೂ ಹಾಕಿದರೆ ಯಾರೂ ನಗುವುದಿಲ್ಲ, ನಕ್ಕರೆ ನಗಲಿ. ರಾತ್ರಿ ಊಟವಾದ ಮೇಲೆ ಅಳಿಯನೂ ಸೇರಿ ಹತ್ತು ನಿಮಿಷ ಬೀದಿಯಲ್ಲಿ ಓಡಾಡಿ. ಊಟದ ನಂತರ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. "ಹತ್ತು ನಿಮಿಷಕ್ಕೇನಾಗುತ್ತೆ" ಎಂದ ಅಳಿಯನಿಗೆ ಇದನ್ನೂ ಹೇಳಿದೆ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಅನ್ನುತ್ತೆ. ಒಂದೊಂದು ಸಲಕ್ಕೂ ಕಡಿಮೆಯೆಂದರೆ 10 ನಿಮಿಷ ಇರಲೇಬೇಕು ಎಂಬ ಹಳೇ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ಟಪಾಲು ತರುವ ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತೆ.

ನಾನು ಡಾಕ್ಟರಲ್ಲ. ನಡಿಗೆ ಜಾಸ್ತಿಯಾದಾಗ ಕೆಲವು ಮಾತ್ರೆಗಳಿಂದ ಶುಗರ್ ತೀರಾ ಇಳಿಯಬಹುದು. ಅದಕ್ಕೆ ಹಾಸನದ ಡಾಕ್ಟರಿಗೆ ಫೋನ್ ಮಾಡಿಸಿ, ಸೆರಗಿನ ತುದಿಯಲ್ಲಿ ಒಂದಿಷ್ಟು ಸಕ್ಕರೆ ಕಟ್ಟಿಕೊಳ್ಳಲು ಹೇಳಿದೆ.

ಎಲ್ಲ ಸುಸೂತ್ರವಾಯಿತು ಅಂತೇನಿಲ್ಲ. ಆಗಸ್ಟಿನಲ್ಲಿ ಒಂದು ಬೆಳಗ್ಗೆ ಸುಶೀಲಮ್ಮ ದಾರಿ ತಪ್ಪಿದರು. ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚು, ಒಂದೇ ಬಣ್ಣ. ನಲವತ್ತು ನಿಮಿಷ ಸುತ್ತಿದ್ದಾರೆ. ಫೋನ್ ಮನೆಯಲ್ಲೇ ಬಿಟ್ಟಿದ್ದರು. ಕೊನೆಗೆ ಪಾರ್ಕಿನಲ್ಲಿ ಪರಿಚಯವಾಗಿದ್ದ ತೆಲುಗು ಅಜ್ಜಿಯೊಬ್ಬರು ಮನೆವರೆಗೂ ತಂದು ಬಿಟ್ಟರು. ಮಗಳು ಅವತ್ತೇ ಫೋನ್ ಮಾಡಿ ಕೂಗಾಡಿದಳು. ತಪ್ಪು ನನ್ನದೂ ಇತ್ತು. ವಿಳಾಸದ ಚೀಟಿ ಜೊತೆಗಿರಲಿ ಅಂತ ಹೇಳುವುದನ್ನೇ ಮರೆತಿದ್ದೆ. ಇನ್ನು ಅಮ್ಮ ಒಬ್ಬರೇ ಹೋಗುವುದು ಬೇಡ ಎಂದಳು. ನಾನು ಒಪ್ಪಲಿಲ್ಲ. ಚೀಟಿ ಬರೆದು ಕೊಡು, ಫೋನಿಗೊಂದು ಚೀಲ ಹೊಲಿಸಿ ಕೊರಳಿಗೆ ಹಾಕು ಎಂದೆ.

ಸುಶೀಲಮ್ಮ ತಮ್ಮದೇ ಉಪಾಯ ಹುಡುಕಿದ್ದರು. ಮಕ್ಕಳು ರಸ್ತೆಯಲ್ಲಿ ಗೀಚುವ ಬಣ್ಣದ ಸೀಮೆಸುಣ್ಣದ ಡಬ್ಬಿ ತರಿಸಿಕೊಂಡು, ದಿನಾ ಬೆಳಗ್ಗೆ ಹೊರಡುವ ಮುಂಚೆ ಗ್ಯಾರೇಜಿನ ಎದುರು ಕುಕ್ಕರಗಾಲಲ್ಲಿ ಕೂತು, ದೂರಕ್ಕೂ ಕಾಣುವ ಹಾಗೆ ದೊಡ್ಡದೊಂದು ರಂಗೋಲಿ.