ಮನ್ಯಾಗ ಫ್ಯಾಬ್ರಿಕೇಷನ್ ಮಾಡಾಕ ಯಾವ ಟಿಗ್ ಮಷಿನ್ ತಗೋಬೇಕು, ಜೊತಿಗೆ ಏನೇನು ಬೇಕು?

ನೀವು ಕೇಳಿದ್ದು ಏನಂದ್ರ, ರಾಣೆಬೆನ್ನೂರಾಗ ಮನಿ ಹಿಂದ ಶೆಡ್ ಐತಿ, ಸ್ಟಿಕ್ ವೆಲ್ಡಿಂಗ್ (ರಾಡ್ ಹಾಕಿ ಮಾಡೋದು) ತಕ್ಕಮಟ್ಟಿಗೆ ಬರತೈತಿ, ಈಗ ಎಸ್ಸೆಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗು, ಸಣ್ಣ ಟೇಬಲ್ಲು, ಬೈಕ್ ಸೈಲೆನ್ಸರ್ ಇಂಥಾವು ಮಾಡಾಕ ಟಿಗ್ (ಆರ್ಗಾನ್ ಗ್ಯಾಸ್ ಬಿಟ್ಟು ಮಾಡೋ ವೆಲ್ಡಿಂಗ್) ತಗೋಬೇಕು, ಎಸಿ/ಡಿಸಿ ಬೇಕಾ ಬರೇ ಡಿಸಿ ಸಾಕಾ ಅಂತ. ನಾನು ಹುಬ್ಬಳ್ಳ್ಯಾಗ ಗೋಕುಲ ರೋಡ್ ಕಡೆ ಎಸ್ಸೆಸ್ ಕೆಲಸ ಮಾಡಾಂವ, ದಿನಾ ಆರ್ಗಾನ್ ಟಾರ್ಚ್ ಕೈಯಾಗ ಇರತೈತಿ, ಅದಕ್ಕ ಸ್ವಲ್ಪ ಉದ್ದನ ಬರೀತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಎಲ್ಲಾರೂ ಮಷಿನ್ನಿಂದ ಶುರು ಮಾಡ್ತಾರ. ನೀವು ಮಷಿನ್ ಕಡೀಗೆ ಆರಿಸ್ರಿ. ಮೊದಲ ಆರ್ಗಾನ್ ಎಲ್ಲಿ ತುಂಬಿಸಿಕೊಡ್ತಾರ ನೋಡ್ರಿ, ಆಮ್ಯಾಲ ಮನಿ ಕರೆಂಟ್ ಎಷ್ಟು ತಡೀತೈತಿ ನೋಡ್ರಿ, ಇವೆರಡು ಗೊತ್ತಾದ್ರ ಮಷಿನ್ ಯಾವುದು ಅನ್ನೋದು ತಾನ ತೀರ್ಮಾನ ಆಗತೈತಿ.

ಸ್ಟಿಕ್ ರಾಡಿಗೆ ಮ್ಯಾಲ ಫ್ಲಕ್ಸ್ ಇರತೈತಿ, ಅದ ವೆಲ್ಡ್ ಕಾಯತೈತಿ. ಟಿಗ್ ಒಳಗ ಹಂಗಲ್ಲ, ಕಾದ ಟಂಗ್‌ಸ್ಟನ್ನು (ಟಾರ್ಚಿನ ತುದಿಗೆ ಇರೋ ಕಡ್ಡಿ, ಆರ್ಕ್ ಅನ್ನೋ ಕರೆಂಟಿನ ಉರಿ ಅದರಿಂದ ಹತ್ತತೈತಿ), ಕರಗಿದ ಲೋಹ, ಎರಡಕ್ಕೂ ಗಾಳಿ ತಾಕದಂಗ ಆರ್ಗಾನ್ ಒಂದ ಕಾಯಬೇಕು. ದೊಡ್ಡ ಸಿಲಿಂಡರ್ 47 ಲೀಟರಿಂದು, ಅದರಾಗ ಸುಮಾರು 7 ಕ್ಯೂಬಿಕ್ ಮೀಟರ್ ಗ್ಯಾಸ್ ಕೂಡತೈತಿ, ಅಂದ್ರ 7000 ಲೀಟರ್. ನಿಮಿಷಕ್ಕ 8 ಲೀಟರ್ ಬಿಟ್ರ 14 ತಾಸಿನ ಮ್ಯಾಲ ನಡೀತೈತಿ. ಸಣ್ಣ 10 ಲೀಟರ್ ಸಿಲಿಂಡರಿನ್ಯಾಗ ಹಿಡಿಯೋದು 1.5 ಕ್ಯೂಬಿಕ್ ಮೀಟರ್, ಅದು 3 ತಾಸು, ಅದೂ ಆರ್ಕ್ ನಿಂತ ಮ್ಯಾಲ ಹೋಗೋ ಗ್ಯಾಸ್ ಲೆಕ್ಕಕ್ಕ ಹಿಡೀದಂಗ. ಸಣ್ಣದು ಎತ್ತಾಕ ಇಡಾಕ ಛಲೋ, ಆದ್ರ ತುಂಬಿಸೋ ಖರ್ಚು ಅಳತಿಗೆ ತಕ್ಕಂಗ ಕಡಿಮಿ ಆಗೂದಿಲ್ಲ, ರಾಣೆಬೆನ್ನೂರಿಂದ ಹಾವೇರಿಗೋ ಹುಬ್ಬಳ್ಳಿಗೋ ಪದೇ ಪದೇ ಓಡಾಡೋದಾದ್ರ ಗಾಡಿ ಖರ್ಚ ಜಾಸ್ತಿ ಆಗತೈತಿ. ಸ್ವಂತ ಸಿಲಿಂಡರ್ ತುಂಬಿಸಿಕೊಡ್ತಾರೋ, ತಮ್ಮದಕ್ಕ ಬದಲಿ ಮಾಡ್ತಾರೋ, ಬಾಡಿಗಿ ತಿಂಗಳಿಗೆ ಎಷ್ಟು ಅಂತ ಮೊದಲ ಕೇಳ್ರಿ. ಹಳೇ ಸಿಲಿಂಡರ್ ಕೊಳ್ಳೋದಾದ್ರ ಕುತ್ತಿಗಿ ಮ್ಯಾಲ ಹೊಡೆದ ಟೆಸ್ಟ್ ತಾರೀಖು ನೋಡ್ರಿ, 5 ವರ್ಷಕ್ಕೊಮ್ಮೆ ಪ್ರೆಷರ್ ಟೆಸ್ಟ್ ಆಗಬೇಕು, ಆಗಿರಲಿಲ್ಲಾಂದ್ರ ತುಂಬಿಸಾಕ ಒಪ್ಪಂಗಿಲ್ಲ. ಆರ್ಗಾನ್ ಸಿಲಿಂಡರ್ ಬಣ್ಣ ನೀಲಿ. ಆರ್ಗಾನ್ ಜೊತಿಗೆ ಸಿಒ2 ಕೂಡಿಸಿದ್ದು ಮಿಗ್ (ತಂತಿ ತಾನ ಬರೋ ವೆಲ್ಡಿಂಗ್) ಕೆಲಸದ್ದು, ಅಗ್ಗ ಸಿಗತೈತಿ ಅಂತ ಅದನ್ನ ತರಬ್ಯಾಡ್ರಿ, ಟಂಗ್‌ಸ್ಟನ್ ಸುಟ್ಟು ಹೋಗತೈತಿ. ರೆಗ್ಯುಲೇಟರ್ ಆರ್ಗಾನಿಂದ ಇರ್ಲಿ, ಗಾಜಿನ ನಳಿಗಿಯೊಳಗ ಗುಂಡು ಏರೋ ಫ್ಲೋ ಮೀಟರ್ ಇರೋದು ತಗೋರಿ. ಸಿಲಿಂಡರ್ ಯಾವಾಗಲೂ ಗ್ವಾಡಿಗೆ ಚೈನ್ ಹಾಕಿ ನಿಲ್ಲಿಸಬೇಕು, ಇದರಾಗ ಸಡಿಲ ಬಿಡಬ್ಯಾಡ್ರಿ, ಒಳಗ ಇರೋದು 150 ಬಾರ್ ಪ್ರೆಷರ್.

ಈಗ ಕರೆಂಟು. ಟಿಗ್ ಆರ್ಕಿನ ವೋಲ್ಟೇಜ್ ಅಂದಾಜು 10 ಕೂಡಿಸು ಆಂಪ್ಸಿನ 0.04 ಪಾಲು. 100 ಆಂಪ್ಸಿಗೆ 14 ವೋಲ್ಟ್, ಅಂದ್ರ 1400 ವ್ಯಾಟ್, ಮಷಿನ್ ತಿನ್ನೋದು ಸೇರಿಸಿದ್ರ ಲೈನಿಂದ 2 ಕಿಲೋವ್ಯಾಟಿನ ಆಸುಪಾಸು. ಇದು 16 ಆಂಪ್ಸ್ ಸಾಕೆಟ್ಟಿಗೆ ಆರಾಮ. ಪೂರಾ 200 ಆಂಪ್ಸ್ ಎಳದ್ರ 18 ವೋಲ್ಟ್, 3600 ವ್ಯಾಟ್ ಬರೇ ಆರ್ಕಿಗೆ, ಆವಾಗ ಆ ಸಾಕೆಟ್ ಸಾಲೂದಿಲ್ಲ, ಬ್ಯಾರೆ ಎಂಸಿಬಿ, ಬ್ಯಾರೆ ವೈರ್ ಎಳೀಬೇಕು. ಅದ ಮಷಿನ್ನಿನ್ಯಾಗ ಸ್ಟಿಕ್ ರಾಡ್ ಹಾಕಿ 200 ಓಡಿಸಿದ್ರ 28 ವೋಲ್ಟ್, ಇನ್ನೂ ಜಾಸ್ತಿ. ಆದ್ರ ನೀವು ಹೇಳಿದ ಕೆಲಸಕ್ಕ ಇಷ್ಟು ಬೇಕಾಗೂದ ಇಲ್ರಿ, 1.5 ಎಂಎಂ ಎಸ್ಸೆಸ್ ಪೈಪಿಗೆ 50-60 ಆಂಪ್ಸ್ ಸಾಕು, ಉಕ್ಕಿಗೆ ಒಂದು ಎಂಎಂ ದಪ್ಪಕ್ಕ 40 ಆಂಪ್ಸ್ ಅಂತ ಲೆಕ್ಕ ಇಟ್ಕೋರಿ. ಹೆಸ್ಕಾಂ ಬಿಲ್ಲಿನ ಮ್ಯಾಲ ಮಂಜೂರಾದ ಲೋಡ್ ಬರೆದಿರತೈತಿ, ಅದನ್ನೊಮ್ಮೆ ನೋಡ್ರಿ. ಸಂಜಿ ಹೊತ್ತಿಗೆ ವೋಲ್ಟೇಜ್ ಬೀಳೋ ಕಡೆ ಇದ್ರ ಉದ್ದನ ತೆಳ್ಳನ ಎಕ್ಸ್‌ಟೆನ್ಷನ್ ವೈರ್ ಬ್ಯಾಡ, ಕನಿಷ್ಠ 2.5 ಸ್ಕ್ವೇರ್ ಎಂಎಂ ತಾಮ್ರ, ದೂರ ಇದ್ರ 4.

ಹಿಂಗಾಗಿ ಮಷಿನ್: ಸಿಂಗಲ್ ಫೇಸ್, 200 ಆಂಪ್ಸ್, ಡಿಸಿ ಟಿಗ್, ಜೊತಿಗೆ ಸ್ಟಿಕ್ಕೂ ಓಡಬೇಕು. ಎಸಿ/ಡಿಸಿ ಬೇಕಾಗೋದು ಮುಖ್ಯವಾಗಿ ಅಲ್ಯೂಮಿನಿಯಮ್ಮಿಗೆ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಗೆ, ಅದರ ಮ್ಯಾಲ ಕೂತ ಆಕ್ಸೈಡ್ ಪದರ ಕರಗೋದು 2000 ದಾಟಿ, ಎಸಿ ಕರೆಂಟ್ ಆ ಪದರ ಒಡೀತೈತಿ, ಡಿಸಿಯಿಂದ ಅದು ಸರಿಯಾಗಿ ಆಗೂದಿಲ್ಲ. ನಿಮ್ಮ ಪಟ್ಟ್ಯಾಗ ಅಲ್ಯೂಮಿನಿಯಂ ಇಲ್ಲ, ಹಂಗಾಗಿ ಆ ಹೆಚ್ಚಿನ ರೊಕ್ಕ ಟಾರ್ಚಿಗೆ, ಹೆಲ್ಮೆಟ್ಟಿಗೆ ಹಾಕ್ರಿ. ಮಷಿನ್ನಿನ್ಯಾಗ ಇರಲೇಬೇಕಾದ್ದು ಎಚ್‌ಎಫ್ ಸ್ಟಾರ್ಟ್, ಗುಂಡಿ ಒತ್ತಿದ್ರ ತಾಕಿಸದ ಆರ್ಕ್ ಹತ್ತತೈತಿ, ಟಂಗ್‌ಸ್ಟನ್ ತುದಿ ಉಳೀತೈತಿ. ಆಮ್ಯಾಲ ಡೌನ್ ಸ್ಲೋಪ್ (ಮುಗಿಸೋ ಮುಂದ ಕರೆಂಟ್ ನಿಧಾನಕ ಇಳಿಯೋದು), ಪೋಸ್ಟ್ ಫ್ಲೋ (ಆರ್ಕ್ ನಿಂತ ಮ್ಯಾಲೂ ಗ್ಯಾಸ್ ಹರಿಯೋದು), 2ಟಿ/4ಟಿ (ಗುಂಡಿ ಒತ್ತಿ ಹಿಡಿದು ಇಲ್ಲಾ ಒತ್ತಿ ಬಿಟ್ಟು ಓಡಿಸೋದು). ಪೋಸ್ಟ್ ಫ್ಲೋ 10 ಆಂಪ್ಸಿಗೆ ಒಂದು ಸೆಕೆಂಡ್ ಲೆಕ್ಕಕ್ಕ ಇಡ್ರಿ, 60 ಆಂಪ್ಸಿಗೆ 6 ಸೆಕೆಂಡ್, ಅಲ್ಲೀತನಕ ಟಾರ್ಚ್ ಅಲ್ಲೇ ಹಿಡೀಬೇಕು. ಪಲ್ಸ್ (ಕರೆಂಟ್ ಏರಿಸಿ ಇಳಿಸೋದು) ಇದ್ರ ತೆಳು ಶೀಟಿಗೆ ಅನುಕೂಲ, ಇಲ್ಲಾಂದ್ರೂ ನಡೀತೈತಿ. ಡ್ಯೂಟಿ ಸೈಕಲ್ 200 ಆಂಪ್ಸಿಗೆ 60 ಪರ್ಸೆಂಟ್ ಅಂತ ಬರೆದಿದ್ರ 10 ನಿಮಿಷದಾಗ 6 ನಿಮಿಷ ವೆಲ್ಡ್, 4 ನಿಮಿಷ ಬಿಡುವು, ನೀವು ಓಡಿಸೋ 60 ಆಂಪ್ಸಿಗೆ ಇದು ಅಡ್ಡ ಬರೂದಿಲ್ಲ.

ಟಾರ್ಚ್ ಬಗ್ಗೆ ಯಾರೂ ಕೇಳಂಗಿಲ್ಲ, ಇಡೀ ದಿನ ಕೈಯಾಗ ಇರೋದು ಅದ. ಮಷಿನ್ ಜೊತಿಗೆ 26 ನಂಬರ್ ಟಾರ್ಚ್ ಬಂದ್ರ ಅದು 200 ಆಂಪ್ಸಿಂದು, ಸ್ವಲ್ಪ ದಪ್ಪ, ತೆಳು ಪೈಪಿಗೆ ಸುತ್ತ ತಿರುಗಿಸೋ ಹೊತ್ತಿಗೆ ಕೈ ಸೋಲತೈತಿ. 17 ನಂಬರ್ 150 ಆಂಪ್ಸಿಂದು, ಹಗುರ, ನಿಮಗ ಅದ ಸರಿ, ಎರಡಕ್ಕೂ ಕಪ್ (ತುದೀಗೆ ಗ್ಯಾಸ್ ಬಿಡೋ ಬಾಯಿ), ಕೊಲೆಟ್ (ಟಂಗ್‌ಸ್ಟನ್ ಹಿಡಿಯೋ ತುಂಡು) ಒಂದ. ಒಂದು ಗ್ಯಾಸ್ ಲೆನ್ಸ್ ಸೆಟ್ ತಗೋರಿ, ಇದು ನನ್ನ ಖಾಸಾ ಸಲಹೆ. ಸಾದಾ ಕಪ್ಪಿನ್ಯಾಗ ಗ್ಯಾಸ್ ಸುಳಿ ಸುಳಿಯಾಗಿ ಬರತೈತಿ, ಲೆನ್ಸಿನ ಜಾಳಿಗಿಯಿಂದ ನೆಟ್ಟಗ ಇಳೀತೈತಿ, ಟಂಗ್‌ಸ್ಟನ್ ಸ್ವಲ್ಪ ಹೊರಗ ಚಾಚಿ ಮೂಲ್ಯಾಗ ನೋಡಿ ವೆಲ್ಡ್ ಮಾಡಬಹುದು. ಎಸ್ಸೆಸ್ ಬೀಡಿನ (ವೆಲ್ಡ್ ಆದ ಗೆರಿ) ಬಣ್ಣ ಎಲ್ಲಾ ಹೇಳತೈತಿ: ಬಂಗಾರ ಬಣ್ಣ ಬಂದ್ರ ಭಾಳ ಛಲೋ, ನೀಲಿ ಬಂದ್ರ ನಡೀತೈತಿ, ಬೂದಿ ಬಣ್ಣಕ್ಕ ಹೊಳ್ಳಿ ಕರ್ರಗಾತು ಅಂದ್ರ ಗ್ಯಾಸ್ ಕಡಿಮಿ ಅಥವಾ ಕಾವು ಜಾಸ್ತಿ, ಕೈ ನಿಧಾನ. ಆವಾಗ ಆಂಪ್ಸ್ ತಿರುವೋದಕ್ಕಿಂತ ಮೊದಲ ಗ್ಯಾಸ್ ಪೈಪ್ ಎಲ್ಲಾದ್ರೂ ಸೋರತೈತೇನು ಅಂತ ಸೋಪಿನ ನೀರು ಹಚ್ಚಿ ನೋಡ್ರಿ.

ಟಂಗ್‌ಸ್ಟನ್ ನೀಲಿ ತುದೀದು ಅಥವಾ ಬಂಗಾರ ತುದೀದು ತಗೋರಿ, 1.6 ಎಂಎಂ. ಅಂಗಡ್ಯಾಗ ಕೇಳಿದ ಕೂಡಲೇ ಕೆಂಪು ಕೊಡ್ತಾರ, ಅದರಾಗ ಥೋರಿಯಂ (ವಿಕಿರಣ ಸೂಸೋ ಲೋಹ) ಇರತೈತಿ, ತಿಕ್ಕಿದಾಗ ಏಳೋ ಧೂಳು ಎದಿಯೊಳಗ ಹೋಗಬಾರದು. ಪೆನ್ಸಿಲ್ ಹೆರದಂಗ ಚೂಪು ಮಾಡ್ರಿ, ಗೀರು ಉದ್ದಕ್ಕ ಬರಬೇಕು, ಅಡ್ಡ ಬಂದ್ರ ಆರ್ಕ್ ಅಲೆದಾಡತೈತಿ. ಮತ್ತ ನೀವು ಸ್ಟಿಕ್ಕಿನಿಂದ ಬಂದಾವ್ರು, ಇದು ಖಂಡಿತ ನೆನಪಿಡ್ರಿ: ಸ್ಟಿಕ್ಕಿನ್ಯಾಗ ಸಾಮಾನ್ಯವಾಗಿ ರಾಡು ಪ್ಲಸ್ಸಿಗೆ, ಟಿಗ್ಗಿನ್ಯಾಗ ಟಾರ್ಚು ಮೈನಸ್ಸಿಗೆ, ಅರ್ಥಿಂಗ್ ಕ್ಲಾಂಪ್ ಪ್ಲಸ್ಸಿಗೆ. ಉಲ್ಟಾ ಹಾಕಿದ್ರ ಕಾವೆಲ್ಲಾ ಟಂಗ್‌ಸ್ಟನ್ನಿಗೆ ಹೋಗಿ ತುದಿ ಕರಗಿ ಗುಂಡು ಆಗಿ ಕೆಲಸದಾಗ ಬೀಳತೈತಿ.

ಫಿಲ್ಲರ್ ರಾಡು (ಕೀಲಿನ್ಯಾಗ ಕರಗಿಸಿ ತುಂಬೋ ಕಡ್ಡಿ) 304 ಎಸ್ಸೆಸ್ಸಿಗೆ 308ಎಲ್, ಎಸ್ಸೆಸ್ಸನ್ನ ಎಂಎಸ್ಸಿಗೆ (ಸಾದಾ ಉಕ್ಕಿಗೆ) ಕೂಡಿಸಾಕ 309ಎಲ್, ಬರೇ ಎಂಎಸ್ಸಿಗೆ 70ಎಸ್-2 ಇಲ್ಲಾ 70ಎಸ್-6, ಎಲ್ಲಾ 1.6 ಎಂಎಂ. ಎಸ್ಸೆಸ್ಸಿಗೆ ಬ್ರಶ್ಶು, ಗ್ರೈಂಡಿಂಗ್ ಚಕ್ರ ಬ್ಯಾರೇನ ಇಡ್ರಿ, ಎಂಎಸ್ಸಿಗೆ ತಿಕ್ಕಿದ ಬ್ರಶ್ ತಾಕಿದ್ರ ಮುಂದ ರೇಲಿಂಗ್ ಮ್ಯಾಲ ತುಕ್ಕಿನ ಚುಕ್ಕಿ ಏಳತಾವ. ಸೈಲೆನ್ಸರ್ ಒಳಗಿನ ಕಾರ್ಬನ್ ಪೂರಾ ತಗದು ಅಸಿಟೋನಿನಿಂದ ಒರೆಸ್ರಿ. ಗೇಟು ಕಿಟಕಿ ಗ್ರಿಲ್ಲು ಬಂದ್ರ ಸ್ಟಿಕ್ಕಿನ್ಯಾಗ ಮಾಡ್ರಿ, ಟಿಗ್ಗಿಗೆ ಅದು ಭಾಳ ನಿಧಾನ.

ಹೆಲ್ಮೆಟ್ ಆಟೋ ಡಾರ್ಕ್, 4 ಸೆನ್ಸರ್ ಇರೋದು, ಟಿಗ್ಗಿನ ಕಡಿಮಿ ಆಂಪ್ಸಿಗೂ ಕಪ್ಪಾಗತೈತಿ ಅಂತ ಬರೆದಿರಬೇಕು, ಸೋವಿದು ತಗೊಂಡ್ರ 30 ಆಂಪ್ಸಿನ್ಯಾಗ ಮಿಣುಕಿ ಕಣ್ಣು ಉರೀತಾವ. ತೆಳು ಚರ್ಮದ ಗ್ಲೌಸು, ಪೂರಾ ತೋಳಿನ ಹತ್ತಿ ಅಂಗಿ. ಆಷಾಢದ ಗಾಳ್ಯಾಗ ಶೆಡ್ ಬಾಗಲಾ ಪೂರಾ ತೆಗೆದು ವೆಲ್ಡ್ ಮಾಡಿದ್ರ ಗ್ಯಾಸೆಲ್ಲಾ ಹಾರಿ ಹೋಗತೈತಿ, ಗಾಳಿ ಬರೋ ಕಡೆ ತಗಡು ಅಡ್ಡ ಇಡ್ರಿ, ಆದ್ರ ಪೂರಾ ಮುಚ್ಚಲೂ ಬ್ಯಾಡ್ರಿ, ಆರ್ಗಾನ್ ಗಾಳೀಗಿಂತ ಭಾರ, ಕೆಳಗ ಕೂಡತೈತಿ, ಉಸರಿಗೆ ಗಾಳಿ ಇಲ್ಲದಂಗ ಆಗತೈತಿ. ಜಿಐ ಪೈಪಿನ ಸತುವು ತಗೀದ ವೆಲ್ಡ್ ಮಾಡಬ್ಯಾಡ್ರಿ, ಆ ಬಿಳೇ ಹೊಗಿಗೆ ಚಳಿ ಜ್ವರ ಬರತೈತಿ. ಬೆಲ್ಲ ತಿಂದ್ರ ಹೋಗತೈತಿ ಅಂತಾರ, ನಂಬಬ್ಯಾಡ್ರಿ.

ಬ್ರ್ಯಾಂಡ್ ಯಾವುದರ ಇರ್ಲಿ, ಬೋರ್ಡ್ ಕೆಟ್ರ ರಿಪೇರಿ ಇಲ್ಲೇ ಆಗತೈತೋ ಬ್ಯಾರೆ ರಾಜ್ಯಕ್ಕ ಕಳಸ್ತಾರೋ ಅಂತ ಬಾಯಿ ಬಿಟ್ಟು ಕೇಳ್ರಿ. ಅಂಗಡಿಗೆ ಹೋಗೋ ಮುಂದ 1.5 ಎಂಎಂ ಎಸ್ಸೆಸ್ ತುಂಡು ಎರಡು ತಗೊಂಡು ಹೋಗ್ರಿ, 20 ಆಂಪ್ಸಿಗೆ ಇಟ್ಟು ಗುಂಡಿ ಒತ್ತಿ ಬಿಡ್ರಿ, ಮತ್ತ ಒತ್ರಿ, ಒತ್ತಿದ ಪ್ರತಿ ಸಲಾನೂ ಆರ್ಕ್ ತಡವರಿಸದ ಹತ್ತಬೇಕು, ಕಡಿಮಿ ಆಂಪ್ಸಿನ್ಯಾಗ ಆರದ ನಿಲ್ಲಬೇಕು. ಗ್ಯಾಸ್ ಇಲ್ಲ, ತೋರಿಸಾಕ ಆಗಂಗಿಲ್ಲ ಅಂದ್ರ ಬ್ಯಾರೆ ಅಂಗಡಿ ನೋಡ್ರಿ.